ಹದಿಹರೆಯದವರ ಈಟಿಂಗ್ ಡಿಸಾರ್ಡರ್ ಬಗ್ಗೆ ಡಿಸರ್ಟೇಷನ್: ಇದರಲ್ಲಿ ನರ್ಸಿಂಗ್ ಎಲ್ಲಿದೆ?

ಪ್ರಶ್ನೆ: ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮನೋವೈದ್ಯಕೀಯ ನರ್ಸಿಂಗ್ ವಿಭಾಗದಲ್ಲಿ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುವ ಹುಡುಗಿಯರಲ್ಲಿ, ತಿನ್ನುವ ರೀತಿಯೇ ಹದಗೆಡುವ ಮಾನಸಿಕ ಕಾಯಿಲೆಯಾದ ಈಟಿಂಗ್ ಡಿಸಾರ್ಡರ್‌ನ ಲಕ್ಷಣಗಳು ಎಷ್ಟರ ಮಟ್ಟಿಗಿವೆ ಎಂಬುದನ್ನು ಡಿಸರ್ಟೇಷನ್‌ಗೆ ಆರಿಸಿಕೊಳ್ಳಬೇಕೆಂದಿದ್ದೇನೆ. ಊಟದ ಬಗೆಗಿನ ಧೋರಣೆಯನ್ನು ಅಳೆಯುವ, 26 ವಾಕ್ಯಗಳ ಈಟ್-26 ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿ, 20 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಗುರುತಿಸಿ, ಅವರಿಗೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ (ಮೊದಲೇ ಸಿದ್ಧಪಡಿಸಿದ ಪಾಠ) ನಡೆಸಿ, ತಿಳಿವಳಿಕೆ ಹೆಚ್ಚಿತೇ ಎಂದು ಅಳೆಯುವುದು ಸದ್ಯದ ಯೋಜನೆ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ನೋಡಿದ ನಮ್ಮ ಗೈಡ್ ಎರಡು ಆಕ್ಷೇಪ ಎತ್ತಿದ್ದಾರೆ. ಇದು ನಮ್ಮ ಕಡೆಯ ಕಾಯಿಲೆಯೇ ಎಂಬುದು ಒಂದು, ಇದರಲ್ಲಿ ನರ್ಸಿಂಗ್ ಎಲ್ಲಿದೆ ಎಂಬುದು ಇನ್ನೊಂದು. ಎರಡಕ್ಕೂ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಅನುಭವಿಗಳು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನರ್ಸಿಂಗ್ ಕಾಲೇಜಿನ ಅಧ್ಯಾಪಕಿ, ಮಂಗಳೂರು

ನಿಮ್ಮ ಗೈಡ್ ಕೇಳಿದ ಮೊದಲ ಪ್ರಶ್ನೆ ಹಳೆಯದು. ಅದಕ್ಕೆ ಉತ್ತರವೂ ಇದೆ. ಫಿಜಿ ದ್ವೀಪದ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂದ ಹೊಸತರಲ್ಲಿ ಆ್ಯನ್ ಬೆಕರ್ ಮತ್ತು ಸಂಗಡಿಗರು ಅಲ್ಲಿನ ಶಾಲಾ ಬಾಲಕಿಯರಿಗೆ ಇದೇ ಈಟ್-26 ಕೊಟ್ಟರು, 1998ರಲ್ಲಿ ಮತ್ತೊಂದು ಗುಂಪಿಗೆ ಕೊಟ್ಟರು. ಮಿತಿ ದಾಟಿದವರ ಪ್ರಮಾಣ ಶೇ. 12.7ರಿಂದ ಶೇ. 29.2ಕ್ಕೆ ಏರಿತ್ತು. ಮೈತುಂಬಿಕೊಂಡಿರುವುದನ್ನೇ ಚೆಂದವೆಂದು ಕಾಣುತ್ತಿದ್ದ ಸಮಾಜದಲ್ಲಿ ಹೀಗಾಯಿತು ಎಂಬುದನ್ನು ಗಮನಿಸಿ. ಹಾಗಾಗಿ ನಮ್ಮ ಊರಿನ ಮಕ್ಕಳಿಗೆ ಇದು ಬರುವುದಿಲ್ಲ ಎಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ.

ಆದರೆ ನಿಮ್ಮ ಯೋಜನೆಯ ನಿಜವಾದ ತೊಡಕು ಬೇರೆ ಕಡೆ ಇದೆ. ಕಿಂಗ್ ಮತ್ತು ಭುಗ್ರಾ ಅವರು ಉತ್ತರ ಭಾರತದ ಶಾಲಾ ಬಾಲಕಿಯರಲ್ಲಿ ಈ ಪ್ರಶ್ನಾವಳಿಯನ್ನು ಬಳಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹಳ ಮಂದಿಯ ಅಂಕ ಮಿತಿ ದಾಟಿತ್ತು. ಆದರೆ ಕೆಲವು ಪ್ರಶ್ನೆಗಳನ್ನು ಹುಡುಗಿಯರು ತಮ್ಮ ಸಂಸ್ಕೃತಿಗೆ ತಕ್ಕಂತೆ ಅರ್ಥ ಮಾಡಿಕೊಂಡದ್ದೂ ಅದಕ್ಕೆ ಕಾರಣವಾಗಿತ್ತು. "ನಾನು ಆಹಾರವನ್ನು ಸಣ್ಣ ಸಣ್ಣ ಚೂರು ಮಾಡಿ ತಿನ್ನುತ್ತೇನೆ" ಎಂಬ ವಾಕ್ಯವನ್ನೇ ನೋಡಿ. ಚಪಾತಿಯನ್ನೋ ಜೋಳದ ರೊಟ್ಟಿಯನ್ನೋ ಮುರಿದು ಪಲ್ಯದ ಜೊತೆ ತಿನ್ನುವ ಹುಡುಗಿ ಇದಕ್ಕೆ "ಯಾವಾಗಲೂ" ಎಂದು ಗುರುತು ಹಾಕದೆ ಇನ್ನೇನು ಮಾಡಿಯಾಳು? ಊಟದ ವಿಷಯದಲ್ಲಿ ಸಂಯಮ ತೋರುತ್ತೇನೆ ಎಂಬುದಂತೂ ಏಕಾದಶಿ ಮಾಡುವ ಮನೆಯಲ್ಲಿ ಬೆಳೆದವಳಿಗೆ ಸದ್ಗುಣವಾಗಿಯೇ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಉಂಟು. ದಪ್ಪಗಾಗುವ ಭಯವನ್ನು ಎಂದೂ ಬಾಯಿಬಿಟ್ಟು ಹೇಳದ, ಹೊಟ್ಟೆ ಉಬ್ಬರಿಸುತ್ತದೆ, ಹಸಿವೇ ಇಲ್ಲ ಎಂದಷ್ಟೇ ಹೇಳುವ ರೋಗಿಗಳನ್ನು ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಅವರು 1990ರ ದಶಕದಲ್ಲಿ ವಿವರಿಸಿದ್ದಾರೆ. ಭಯದ ಸುತ್ತಲೇ ಹೆಣೆದ ಪ್ರಶ್ನೆಗಳಿಗೆ ಇಂಥವರು ಸಿಕ್ಕುವುದೇ ಇಲ್ಲ.

ಆದ್ದರಿಂದ ಅನುವಾದ, ಮರು ಅನುವಾದ (ಕನ್ನಡದಿಂದ ಮತ್ತೆ ಇಂಗ್ಲಿಷಿಗೆ) ಮುಗಿದ ಮೇಲೆ ಕೆಲವು ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಪ್ರತಿ ವಾಕ್ಯವೂ ಅವರಿಗೆ ಏನೆಂದು ಕೇಳಿಸಿತು ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ವ್ರತ, ಉಪವಾಸ, ರಂಜಾನ್ ರೋಜಾ ಇವುಗಳ ಬಗ್ಗೆ ಪ್ರತ್ಯೇಕ ಪ್ರಶ್ನೆಗಳಿರಲಿ. ಉಪವಾಸ ಮುಗಿದ ಮರುದಿನ ಊಟ ಮಾಮೂಲಿಗೆ ಬರುತ್ತದೆಯೇ ಎಂಬುದನ್ನು ತಪ್ಪದೆ ಕೇಳಿ. ಟೀಚಿಂಗ್ ಪ್ರೋಗ್ರಾಂ ಭಾಗವನ್ನು ಕೈಬಿಡಿ ಎಂಬುದು ನನ್ನ ಖಚಿತ ಸಲಹೆ. ಪಾಠ ಕೇಳಿದ ಮೇಲೆ ಪರೀಕ್ಷೆಯ ಅಂಕ ಏರುವುದು ಸಹಜ. ಅದರಿಂದ ಯಾವ ಹುಡುಗಿಯ ಊಟವೂ ಸರಿಹೋಯಿತೆಂದು ಹೇಳಲಾಗದು.

ಉತ್ತರ 2: ಹದಿಹರೆಯದವರ ಮನೋರೋಗ ವಾರ್ಡಿನ ನರ್ಸ್, ಇಂಗ್ಲೆಂಡ್ (ಊರು ಹಾಸನ)

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ಕಾಯಿಲೆಯಲ್ಲಿ ದಿನಕ್ಕೆ ಹಲವು ಬಾರಿ ತಟ್ಟೆಯ ಮುಂದೆ ರೋಗಿಯ ಜೊತೆ ಕೂರುವವರು ನರ್ಸ್‌ಗಳು. ಅರ್ಧ ಗಂಟೆಯಾದರೂ ಒಂದು ತುತ್ತು ಬಾಯಿಗೆ ಹೋಗದೆ, ಚಮಚ ಮಾತ್ರ ತಟ್ಟೆಯ ಅಂಚಿನಲ್ಲಿ ಸುತ್ತುತ್ತಿರುವಾಗ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು, ಊಟದ ನಂತರದ ಸಂಕಟದ ಹೊತ್ತಿನಲ್ಲಿ ಹೇಗೆ ಜೊತೆಗಿರಬೇಕು ಎಂಬುದು ನಮ್ಮದೇ ಕೌಶಲ, ನಮ್ಮದೇ ಸಂಶೋಧನೆಯ ಕ್ಷೇತ್ರ. ತೀರಾ ಸೊರಗಿದ ದೇಹಕ್ಕೆ ಮತ್ತೆ ಆಹಾರ ಕೊಡತೊಡಗಿದ ಮೊದಲ ದಿನಗಳಲ್ಲಿ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯವಾಗಬಹುದು. ನಾಡಿ, ಕೂತಾಗ ಮತ್ತು ನಿಂತಾಗಿನ ರಕ್ತದೊತ್ತಡ, ಮೈ ಬಿಸಿ ಇವುಗಳ ಬದಲಾವಣೆ ಮೊದಲು ಕಣ್ಣಿಗೆ ಬೀಳುವುದೂ ನಮಗೇ.

ಎರಡು ಅಧ್ಯಯನಗಳನ್ನು ಓದಿ. ಆಸ್ಟ್ರೇಲಿಯಾದ ಲೂಸಿ ರಾಮ್‌ಜಾನ್ 2004ರಲ್ಲಿ ನರ್ಸ್‌ಗಳನ್ನು ಮಾತನಾಡಿಸಿ, ಅನೊರೆಕ್ಸಿಯಾ (ಊಟ ಬಿಟ್ಟು ದೇಹ ತೀರಾ ಸೊರಗುವ ಈಟಿಂಗ್ ಡಿಸಾರ್ಡರ್) ಇರುವ ಹದಿಹರೆಯದವರೊಡನೆ ವಿಶ್ವಾಸದ ಸಂಬಂಧ ಬೆಳೆಸುವುದು ಅವರಿಗೆ ಎಷ್ಟು ಕಷ್ಟವಾಗಿತ್ತು, ಆರೈಕೆ ಹೇಗೆ ಹಿಡಿತಕ್ಕಾಗಿ ನಡೆಯುವ ಜಗ್ಗಾಟವಾಗಿಬಿಡುತ್ತಿತ್ತು ಎಂಬುದನ್ನು ದಾಖಲಿಸಿದರು. ನೆದರ್ಲೆಂಡ್ಸ್‌ನಲ್ಲಿ ವಾನ್ ಓಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಶ್ನೆಯನ್ನು ತಿರುಗಿಸಿ, ನರ್ಸ್‌ಗಳ ಯಾವ ನಡೆ ಉಪಯೋಗಕ್ಕೆ ಬಂತೆಂದು ಹುಡುಗಿಯರನ್ನೇ ಕೇಳಿದರು. ಊಟವನ್ನು ಮತ್ತೆ ಸಾಮಾನ್ಯ ಸಂಗತಿಯಾಗಿಸುವುದು, ದಿನಚರಿಗೊಂದು ಚೌಕಟ್ಟು ಒದಗಿಸುವುದು, ಜವಾಬ್ದಾರಿಯನ್ನು ಹಂತಹಂತವಾಗಿ ಅವರ ಕೈಗೇ ಒಪ್ಪಿಸುವುದು ಎಂಬ ಮೂರು ಎಳೆಗಳು ಅಲ್ಲಿ ಸಿಕ್ಕವು. ಕೆಲವೇ ಜನರ ಮಾತಿನಿಂದ ಇಷ್ಟನ್ನು ಹೊರತೆಗೆದ ಆ ಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ. ನೀವೂ ಸರ್ವೆಯ ಜೊತೆಗೆ ಹಾಸ್ಟೆಲ್ ವಾರ್ಡನ್‌ಗಳನ್ನೂ ಅಡುಗೆಯವರನ್ನೂ ಸಂದರ್ಶಿಸಬಹುದಲ್ಲವೇ? ಯಾರ ತಟ್ಟೆ ತುಂಬಿದಂತೆಯೇ ವಾಪಸು ಬರುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಉತ್ತರ 3: ಎಥಿಕ್ಸ್ ಕಮಿಟಿ ಸದಸ್ಯರು, ಬೆಂಗಳೂರು

ಮೇಲಿನ ಇಬ್ಬರೂ ಹೇಳದ ಒಂದು ವಿಷಯವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. 12ರಿಂದ 18ರ ವಯಸ್ಸಿನವರಿಂದ ಲಿಖಿತ ಸಮ್ಮತಿಯೂ ಬೇಕು. ಹಾಸ್ಟೆಲ್ ವಾರ್ಡನ್ ಸಹಿ ಪೋಷಕರ ಸಹಿಗೆ ಬದಲಿಯಲ್ಲ. ಇನ್ನೂ ಮುಖ್ಯವಾದದ್ದು, ಅಂಕ ಹೆಚ್ಚು ಬಂದ ಹುಡುಗಿಯನ್ನು ಮುಂದೇನು ಮಾಡುತ್ತೀರಿ ಎಂಬುದು. ಅನೊರೆಕ್ಸಿಯಾದಲ್ಲಿ ಸಾವಿನ ಪ್ರಮಾಣ ಮಾನಸಿಕ ಕಾಯಿಲೆಗಳಲ್ಲೇ ಅತಿ ಹೆಚ್ಚಿನದರ ಸಾಲಿಗೆ ಸೇರುತ್ತದೆ; 2011ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಆ ಸಾವುಗಳಲ್ಲಿ ಐದರಲ್ಲೊಂದು ಆತ್ಮಹತ್ಯೆ. ಹಾಗಿರುವಾಗ ಯಾವ ಮನೋವೈದ್ಯರ ಬಳಿಗೆ, ಎಷ್ಟು ದಿನದೊಳಗೆ ಕಳುಹಿಸುತ್ತೀರಿ, ಮನೆಯವರಿಗೆ ಯಾರು ಹೇಗೆ ತಿಳಿಸುತ್ತಾರೆ ಎಂಬುದು ಸಿನಾಪ್ಸಿಸ್‌ನಲ್ಲೇ ಇರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಭಾಗವಹಿಸುವ ಪ್ರತಿಯೊಬ್ಬರಿಗೂ ಕೊಡಿ, ಆದರೆ ಅದನ್ನೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಬೇಡಿ. ಎಲ್ಲರೆದುರು ತೂಕ ನೋಡಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಖಂಡಿತ ಬೇಡ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಟೀಚಿಂಗ್ ಪ್ರೋಗ್ರಾಂ ಕೈಬಿಟ್ಟು, ಪ್ರಶ್ನಾವಳಿಯನ್ನು ಕನ್ನಡಕ್ಕೆ ಒಗ್ಗಿಸುವುದು ಮತ್ತು ವಾರ್ಡನ್, ಅಡುಗೆಯವರ ಸಂದರ್ಶನ, ಇಷ್ಟಕ್ಕೇ ಸೀಮಿತಗೊಳಿಸಲು ಗೈಡ್ ಒಪ್ಪಿದ್ದಾರೆ. ಮಂಗಳೂರಿನ ಮೇಡಂ ಅವರಲ್ಲಿ ಇನ್ನೊಂದು ವಿನಂತಿ: ಉಪವಾಸದ ಪ್ರಶ್ನೆಗಳನ್ನು ಈಟ್-26ರ ಮೊದಲು ಕೇಳಬೇಕೇ, ನಂತರವೇ? ಮೊದಲೇ ಕೇಳಿದರೆ ಉಳಿದ ಉತ್ತರಗಳ ಮೇಲೆ ಅದರ ಪ್ರಭಾವ ಬೀಳಬಹುದೆಂದು ನನಗೆ ಅನ್ನಿಸುತ್ತಿದೆ.

ಉತ್ತರ 1ರ ಅಧ್ಯಾಪಕಿ

ನಂತರವೇ ಕೇಳಿ. ಪೈಲಟ್ ಸ್ಟಡಿಯಲ್ಲಿ (ಮೊದಲು ಸಣ್ಣ ಗುಂಪಿನಲ್ಲಿ ಪ್ರಯೋಗಿಸಿ ನೋಡುವಾಗ) ಮಾತ್ರ ಅರ್ಧದಷ್ಟು ಹುಡುಗಿಯರಿಗೆ ಕ್ರಮ ಬದಲಿಸಿ ಕೊಟ್ಟು ಹೋಲಿಸಿ ನೋಡಿ.