ಪಕ್ಕದ ಮನೆಯವರು ಕಟ್ಟಿದರೆ ನಮ್ಮ ಬೆಳಕಿನ ಗತಿ ಏನು? ಇಂಗ್ಲೆಂಡಿನ ಕನ್ನಡಿಗರ ಪ್ರಶ್ನೋತ್ತರ

ಪ್ರಶ್ನೆ (ರೆಡಿಂಗ್): ನಮಸ್ಕಾರ ಮೇಡಂ. ನಮ್ಮದು ಸೆಮಿ ಡಿಟ್ಯಾಚ್ಡ್ ಮನೆ. ಗೋಡೆಗೆ ಗೋಡೆ ಅಂಟಿಕೊಂಡಿರುವ ಪಕ್ಕದವರು ಹಿತ್ತಲ ಕಡೆ ಎರಡು ಅಂತಸ್ತಿನ ಎಕ್ಸ್‌ಟೆನ್ಶನ್‌ಗೆ ಅರ್ಜಿ ಹಾಕಿದ್ದಾರೆ, 4 ಮೀಟರ್ ಉದ್ದ, 5 ಮೀಟರ್ ಎತ್ತರ. ಅಭಿಪ್ರಾಯ ಹೇಳೋಕೆ 21 ದಿನ ಅಂತ ಕೌನ್ಸಿಲ್‌ನಿಂದ (ಇಲ್ಲಿನ ಪುರಸಭೆ) ಕಾಗದ ಬಂದಿದೆ. ಅರ್ಜಿ ಜೊತೆ ಡೇಲೈಟ್ ವರದಿ ಇದೆ. ನಮ್ಮ ಡೈನಿಂಗ್ ರೂಮಿನ ಪ್ಯಾಟಿಯೋ ಬಾಗಿಲಿಗೆ (ಹಿತ್ತಲಿಗೆ ತೆರೆಯೋ ಗಾಜಿನ ಬಾಗಿಲು) 'ವಿಎಸ್‌ಸಿ ಈಗ 31, ಆಮೇಲೆ 25.5, ಪಾಸ್' ಅಂತ ಬರೆದಿದ್ದಾರೆ. 27 ಇರಲೇಬೇಕು ಅಂತ ಎಲ್ಲೋ ಓದಿದ್ದೆ. 25.5 ಹೇಗೆ ಪಾಸ್ ಆಗುತ್ತೆ? ದುಡ್ಡು ಕೊಟ್ಟು ಬರೆಸಿದ ವರದಿ ಅಲ್ವಾ ಇದು?

ಉತ್ತರ: ದುಡ್ಡು ಕೊಟ್ಟೇ ಬರೆಸಿರುತ್ತಾರೆ, ನಾನೂ ಇಂಥ ವರದಿ ದುಡ್ಡು ತಗೊಂಡೇ ಬರೆಯೋದು 🙂 ಆದರೆ ನೀವು ಹೇಳಿದ ಅಂಕಿ ನಿಜವಾಗಿದ್ದರೆ ಅದು ಪಾಸೇ.

ವಿಎಸ್‌ಸಿ (ವರ್ಟಿಕಲ್ ಸ್ಕೈ ಕಾಂಪೊನೆಂಟ್) ಅಂದರೆ ನಿಮ್ಮ ಕಿಟಕಿಗೆ ಆಕಾಶ ಎಷ್ಟು ಕಾಣುತ್ತೆ ಅನ್ನೋ ಶೇಕಡಾ ಲೆಕ್ಕ. ಎದುರಿಗೆ ಏನೂ ಇಲ್ಲದ, ಬಟಾಬಯಲಲ್ಲಿ ನಿಂತ ಗೋಡೆಯ ಕಿಟಕಿಗೂ ಅದು ಹೆಚ್ಚೂಕಮ್ಮಿ 40 ಅಷ್ಟೇ, 100 ಅಲ್ಲ. ಇಲ್ಲಿ ಎಲ್ಲರೂ ಹಿಡಿದುಕೊಳ್ಳೋದು ಕಟ್ಟಡ ಸಂಶೋಧನೆ ಮಾಡೋ ಬಿಆರ್‌ಇ ಸಂಸ್ಥೆಯ ಬಿಆರ್ 209 ಅನ್ನೋ ಕೈಪಿಡಿ, ಈಗ ನಡೀತಿರೋದು 2022ರ ಮೂರನೇ ಆವೃತ್ತಿ. ಅದರ ಪ್ರಕಾರ ಕಟ್ಟಿದ ಮೇಲೆ 27ಕ್ಕಿಂತ ಜಾಸ್ತಿ ಉಳಿದರೆ ಮಾತೇ ಇಲ್ಲ. 27ಕ್ಕಿಂತ ಇಳಿದರೆ ಮೊದಲಿದ್ದದ್ದರ 0.8 ಪಾಲಾದರೂ ಉಳಿದಿದೆಯಾ ನೋಡಬೇಕು. ಎರಡರಲ್ಲೂ ಸೋತರೆ ಮಾತ್ರ ಮನೆಯವರಿಗೆ ಕಣ್ಣಿಗೆ ಕಾಣುವಷ್ಟು ಬೆಳಕು ಹೋಯಿತು ಅಂತ ಲೆಕ್ಕ. ನಿಮ್ಮದು 31ರ 0.8 ಅಂದರೆ 24.8. ವರದಿಯಲ್ಲಿ 25.5 ಇದೆ. ಪಾಸ್, ಆದರೆ ಬರೀ 0.7ರಲ್ಲಿ.

ಆ 0.7 ನೋಡಿ ನನಗೆ ಸ್ವಲ್ಪ ಅನುಮಾನ. ಈ ವರದಿ ಮಾಡೋರು ಎಷ್ಟೋ ಸಲ ಪಕ್ಕದ ಮನೆ ಹಿತ್ತಲಿಗೆ ಕಾಲೇ ಇಡೋಲ್ಲ. ಹಳೇ ಫೋಟೋ ನೋಡಿ ಕಿಟಕಿ ಇಲ್ಲಿರಬಹುದು ಅಂತ ಕಂಪ್ಯೂಟರಿನಲ್ಲಿ ಕೂರಿಸುತ್ತಾರೆ. ನಾನೇ ಹೊಸದರಲ್ಲಿ ಹಾಗೆ ಮಾಡಿ, ಆ ಮನೆಯ ಅಜ್ಜಿಯೊಬ್ಬರು ಟೇಪು ಹಿಡಿದು ಬಂದು ತೋರಿಸಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಎಲ್ಲಾ ಮತ್ತೆ ಮಾಡಿದ್ದೆ. ನೀವೂ ಒಂದು ಕೆಲಸ ಮಾಡಿ. ಬೇಲಿಯಿಂದ ನಿಮ್ಮ ಪ್ಯಾಟಿಯೋ ಬಾಗಿಲಿನ ನಡುಮಧ್ಯಕ್ಕೆ ಎಷ್ಟಿದೆ ಅಂತ ಅಳೆಯಿರಿ. ಅವರ ನಕ್ಷೆಯಲ್ಲಿ ಎಷ್ಟಿದೆ ಅಂತಲೂ ನೋಡಿ ಹೇಳಿ.

ಪ್ರಶ್ನೆ (ಮಿಲ್ಟನ್ ಕೀನ್ಸ್): ಇದರ ಮಧ್ಯೆ ನನ್ನದೂ ಒಂದು. ನಮ್ಮ ಪಕ್ಕದವರದು ಒಂದೇ ಅಂತಸ್ತು, ಆದರೆ 6 ಮೀಟರ್ ಉದ್ದ! ಪ್ಲಾನಿಂಗ್ ಅರ್ಜಿ ಅಲ್ಲ, ಪ್ರಯರ್ ಅಪ್ರೂವಲ್ ಅಂತೆ. ಹಾಗಿದ್ರೆ ನಾವು ಏನೂ ಹೇಳೋಕಾಗಲ್ವಾ?

ಉತ್ತರ: ಹೇಳಬಹುದು, ಹೇಳದಿದ್ದರೇ ಕೆಟ್ಟಿರಿ. ಅಂಟಿಕೊಂಡಿರೋ ಮನೆಗಳಿಗೆ ಅರ್ಜಿ ಇಲ್ಲದೆ 3 ಮೀಟರ್, ಈ ಪ್ರಯರ್ ಅಪ್ರೂವಲ್ ದಾರಿಯಲ್ಲಿ, ಅಂದರೆ ಪೂರ್ತಿ ಅರ್ಜಿ ಬದಲು ಕೌನ್ಸಿಲ್‌ಗೆ ಮೊದಲೇ ತಿಳಿಸಿ ಕಟ್ಟೋ ದಾರಿಯಲ್ಲಿ, 6 ಮೀಟರ್ ತನಕ ಬಿಡುತ್ತಾರೆ. ಕೌನ್ಸಿಲ್ ಅಕ್ಕಪಕ್ಕದವರಿಗೆ ಕಾಗದ ಹಾಕುತ್ತೆ. ಕೊಟ್ಟ 21 ದಿನದಲ್ಲಿ ಯಾರೂ ತಕರಾರು ಮಾಡದಿದ್ದರೆ ನಿಮಗೆ ತೊಂದರೆ ಆಗುತ್ತಾ ಅಂತ ಅವರು ನೋಡೋದೇ ಇಲ್ಲ. ಒಬ್ಬರು ಬರೆದರೂ ನೋಡಲೇಬೇಕು.

ಆದರೆ ಬೆಳಕಿನ ಮಾತಿಗೆ ಬಂದರೆ 6 ಮೀಟರ್ ಉದ್ದ ಅಂತ ಹೆದರಬೇಡಿ, ನೋಡಬೇಕಾದ್ದು ಎತ್ತರ. ಇಂಥದ್ದಕ್ಕೆ ಎಕ್ಸ್‌ಟೆನ್ಶನ್‌ನ ತುದಿಯಿಂದ 45 ಡಿಗ್ರಿ ಗೆರೆ ಎಳೆಯುತ್ತಾರೆ. ಮೇಲಿಂದ ನೋಡುವ ನಕ್ಷೆಯಲ್ಲಿ ಒಂದು, ಹಿತ್ತಲಿನಿಂದ ಮನೆಯನ್ನು ನೋಡಿದ ಹಾಗೆ ಬರೆದ ನಕ್ಷೆಯಲ್ಲಿ ಒಂದು. ಎರಡೂ ಗೆರೆ ನಿಮ್ಮ ಕಿಟಕಿಯ ಮಧ್ಯವನ್ನು ಒಳಗೆ ಹಾಕಿಕೊಂಡರೆ ಮಾತ್ರ ಕಷ್ಟ. ಮೇಲಿನ ನಕ್ಷೆಯಲ್ಲಿ 6 ಮೀಟರ್ ಗೋಡೆ ಖಂಡಿತ ಒಳಗೆ ಹಾಕಿಕೊಳ್ಳುತ್ತೆ. ಎರಡನೆಯದರಲ್ಲಿ ನೋಡಿ: ಬೇಲಿ ಪಕ್ಕದ ಚಪ್ಪಟೆ ಸೂರು 3 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ನೆಲ ಮುಟ್ಟುವ ಗಾಜಿನ ಬಾಗಿಲಾದರೆ 1.6 ಮೀಟರ್ ಎತ್ತರದ ಬಿಂದು ಹಿಡೀತಾರೆ. 3ರಲ್ಲಿ 1.6 ಕಳೆದರೆ 1.4, 45 ಡಿಗ್ರಿ ಗೆರೆ ಅಡ್ಡಕ್ಕೂ ಅಷ್ಟೇ ದೂರ ಹೋಗುತ್ತೆ. ನಿಮ್ಮ ಬಾಗಿಲಿನ ಮಧ್ಯ ಆ ಗೋಡೆಯಿಂದ 1.4 ಮೀಟರ್‌ಗಿಂತ ದೂರ ಇದ್ದರೆ ಪಾಸ್, ಗೋಡೆ 6 ಮೀಟರ್ ಇರಲಿ 8 ಇರಲಿ. ನನಗೆ ಕೇಳಿದರೆ ಇದು ಸ್ವಲ್ಪ ಅನ್ಯಾಯವೇ. ಸುರಂಗದಲ್ಲಿ ಕೂತ ಹಾಗೆ ಅನಿಸೋದನ್ನ ಈ ಗೆರೆ ಅಳೆಯೋಲ್ಲ. ಅದನ್ನ ಬೇರೆಯಾಗಿ ಬರೆಯಿರಿ, ಬೆಳಕಿನ ತಲೆಗೆ ಕಟ್ಟಬೇಡಿ.

ಪ್ರಶ್ನೆ (ಹ್ಯಾರೋ): ಮೇಡಂ, ನಮಗೆ ಬೆಳಕಿನ ಚಿಂತೆ ಇಲ್ಲ, ಬಿಸಿಲಿನ ಚಿಂತೆ. ದಕ್ಷಿಣಕ್ಕೆ ಕನ್ಸರ್ವೇಟರಿ (ಗಾಜಿನ ಕೋಣೆ) ಇದೆ. ಚಳಿಗಾಲದಲ್ಲಿ ತುಳಸಿ ಕುಂಡ ಒಳಗೆ ತಂದು ಅಲ್ಲೇ ಇಡೋದು. ಹಿಂದೆ 9 ಮೀಟರ್ ಎತ್ತರದ ಫ್ಲ್ಯಾಟ್ ಬರುತ್ತೆ ಅಂತಿದ್ದಾರೆ, ನಮ್ಮಿಂದ 20 ಮೀಟರ್ ದೂರ.

ಉತ್ತರ: ನೀವು ಬೆಳಕು ಬೇರೆ, ಬಿಸಿಲು ಬೇರೆ ಅಂತ ಕೇಳಿದ್ದು ನೋಡಿ ಖುಷಿ ಆಯ್ತು. ನಮ್ಮ ಅಮ್ಮಂದಿರು ಹಪ್ಪಳ ಒಣಗಿಸುವಾಗ 'ಬೆಳಕಿದೆ, ಬಿಸಿಲಿಲ್ಲ' ಅಂತಾರಲ್ಲ, ಇಲ್ಲಿ ಪರೀಕ್ಷೆಯೂ ಹಾಗೇ ಎರಡು. ಬೆಳಕಿಗೆ ಯಾವ ದಿಕ್ಕಿನ ಕಿಟಕಿ ಆದರೂ ಸರಿ. ಬಿಸಿಲಿಗೆ ದಕ್ಷಿಣದಿಂದ 90 ಡಿಗ್ರಿ ಒಳಗೆ ಮುಖ ಮಾಡಿದ ಕಿಟಕಿ ಮಾತ್ರ, ಅದೂ ಮುಖ್ಯವಾಗಿ ಹಾಲ್ ಮತ್ತು ಕನ್ಸರ್ವೇಟರಿ.

ಎದುರಿನ ಕಟ್ಟಡಕ್ಕೆ ಮೊದಲ ಜರಡಿ 25 ಡಿಗ್ರಿ, ಅದರ ತುದಿ ಅದಕ್ಕಿಂತ ಕೆಳಗೆ ಕಂಡರೆ ಸರಿ. 1.6 ಮೀಟರ್ ಎತ್ತರದಿಂದ ನೋಡಿದರೆ ಅವರದು ಇನ್ನೂ 7.4 ಮೀಟರ್ ಮೇಲೆ, 20 ಮೀಟರ್ ದೂರ, ಅಂದರೆ ಸುಮಾರು 20 ಡಿಗ್ರಿ. ಪಾಸ್. ಮುಂದಿನ ಲೆಕ್ಕವನ್ನೂ ಕೇಳೋಕಾಗಲ್ಲ.

ಈಗ ತುಳಸಿ ಕಥೆ. ಡಿಸೆಂಬರ್ 21ರ ನಡುಮಧ್ಯಾಹ್ನ ಬೆಂಗಳೂರಲ್ಲಿ ಸೂರ್ಯ ಸುಮಾರು 54 ಡಿಗ್ರಿ ಮೇಲಿರುತ್ತಾನೆ, ಲಂಡನ್‌ನಲ್ಲಿ 15. ಅದೇ 3 ಮೀಟರ್ ಗೋಡೆಯ ನೆರಳು ಅಲ್ಲಿ 2.2 ಮೀಟರ್, ಇಲ್ಲಿ 11. ನಿಮ್ಮ ಎದುರಿನ ಕಟ್ಟಡ 20 ಡಿಗ್ರಿ ಮುಚ್ಚುತ್ತೆ ಅಂದರೆ ನವೆಂಬರ್ ಮಧ್ಯದಿಂದ ಜನವರಿ ಕೊನೆ ತನಕ ಮಧ್ಯಾಹ್ನದ ಬಿಸಿಲು ನಿಮ್ಮ ಕುಂಡ ಮುಟ್ಟೋಲ್ಲ. ಕೈಪಿಡಿ ಇದನ್ನ ಒಪ್ಪಿಕೊಳ್ಳುತ್ತೆ. ಸುಮ್ನೆ ಆಸೆ ಹುಟ್ಟಿಸೋಲ್ಲ, ಬಿಸಿಲಿನ ಮೇಲೆ ತಕರಾರು ಹಾಕಿದರೆ ಇಲ್ಲಿ ನಿಲ್ಲೋದು ಕಷ್ಟ. ಬೆಡ್‌ರೂಮಿಗೆ ದಕ್ಷಿಣದ ಮೇಲಿನ ಕಿಟಕಿ ಇದ್ದರೆ ಆ ಎರಡು ಎರಡೂವರೆ ತಿಂಗಳು ತುಳಸಮ್ಮನನ್ನ ಮಹಡಿ ಹತ್ತಿಸಿ.

ಪ್ರಶ್ನೆ (ಲೆಸ್ಟರ್): 20 ವರ್ಷ ಇದ್ದರೆ ಬೆಳಕಿನ ಮೇಲೆ ಹಕ್ಕು ಬರುತ್ತೆ ಅಂತಾರಲ್ಲ? ನಾವು ಮನೆ ತಗೊಂಡು 6 ವರ್ಷ ಅಷ್ಟೇ.

ಉತ್ತರ: ಅದು ಪ್ಲಾನಿಂಗ್‌ಗೆ ಸೇರಿದ್ದಲ್ಲ. 1832ರ ಪ್ರಿಸ್ಕ್ರಿಪ್ಶನ್ ಆಕ್ಟ್, ಸಿವಿಲ್ ವ್ಯವಹಾರ. 20 ವರ್ಷ ಲೆಕ್ಕ ಕಿಟಕಿಗೆ, ಮಾಲೀಕರಿಗಲ್ಲ. ಹಿಂದಿನವರ ಕಾಲವೂ ಸೇರುತ್ತೆ. ಕೌನ್ಸಿಲ್ ಒಪ್ಪಿಗೆ ಕೊಟ್ಟರೂ ಆ ಹಕ್ಕು ಹೋಗೋಲ್ಲ, ಆದರೆ ಅದನ್ನ ಕೌನ್ಸಿಲ್‌ಗೆ ಬರೆದು ಪ್ರಯೋಜನ ಇಲ್ಲ. ವಕೀಲರ ಹತ್ತಿರ ಹೋಗಿ.

ರೆಡಿಂಗ್‌ನವರು: ಮೇಡಂ, ಅಳೆದೆ! ಅವರ ನಕ್ಷೆಯಲ್ಲಿ ಬೇಲಿಯಿಂದ 2 ಮೀಟರ್ ಅಂತಿದೆ. ಟೇಪು ಹಿಡಿದರೆ 1.3 ಬಂತು. ಎರಡು ಸಲ ಅಳೆದೆ.

ಉತ್ತರ: ಸಿಕ್ಕಿತು ನೋಡಿ. 70 ಸೆಂಟಿಮೀಟರ್ ಗೋಡೆಗೆ ಹತ್ತಿರ ಬಂದರೆ 25.5 ಉಳಿಯೋಲ್ಲ, ಇಳಿಯುತ್ತೆ, ಇಳಿದರೆ 24.8 ದಾಟಿ ಕೆಳಗೆ ಹೋಗೋ ಸಾಧ್ಯತೆ ಜಾಸ್ತಿ. ಹಾಗಂತ 'ಫೇಲ್' ಅಂತ ನೀವೇ ಬರೆಯಬೇಡಿ. ಹೀಗೆ ಬರೆಯಿರಿ: ವರದಿಯಲ್ಲಿ ನಮ್ಮ ಬಾಗಿಲಿನ ಜಾಗ ತಪ್ಪಾಗಿದೆ, ಸರಿಯಾದ ಅಳತೆ 1.3 ಮೀಟರ್, ಟೇಪಿನ ಫೋಟೋ ಲಗತ್ತಿಸಿದೆ, ಲೆಕ್ಕ ಮತ್ತೆ ಮಾಡಿಸಿ ಆಮೇಲೆ ತೀರ್ಮಾನಿಸಿ. ಆ ರೂಮಿನಲ್ಲಿ ದಿನಾ ಏನು ಮಾಡುತ್ತೀರಿ, ಬೇರೆ ಕಿಟಕಿ ಇದೆಯಾ, ಅದನ್ನೂ ಎರಡು ಸಾಲು. ಮನೆ ಬೆಲೆ ಇಳಿಯುತ್ತೆ, ನೋಟ ಹೋಗುತ್ತೆ ಅನ್ನೋದು ಬೇಡ, ಅದನ್ನ ಪರಿಗಣಿಸೋಲ್ಲ. ಹತ್ತು ಜನರ ಕೈಲಿ ಒಂದೇ ಕಾಗದ ಹಾಕಿಸೋದೂ ದಂಡ. ಕೈಪಿಡಿ ಕಾನೂನಲ್ಲ, ಆಫೀಸರ್‌ಗೆ ಸಡಿಲ ಮಾಡೋ ಅವಕಾಶ ಇದೆ, ಆದರೆ ತಪ್ಪು ಅಳತೆ ಇಟ್ಟುಕೊಂಡು ಸಡಿಲ ಮಾಡೋಕೆ ಅವರಿಗೂ ಇಷ್ಟ ಇರೋಲ್ಲ. ಒಪ್ಪಿಗೆ ಸಿಕ್ಕಿಬಿಟ್ಟರೆ ನಿಮಗೆ ಅಪೀಲ್ ಇಲ್ಲ, ಅಪೀಲ್ ಇರೋದು ಅರ್ಜಿ ಹಾಕಿದವರಿಗೆ ಮಾತ್ರ. ಹಾಗಾಗಿ ಈಗಲೇ ಬರೆಯಿರಿ. ಇನ್ನೊಂದು, ನೀವು ಬರೆದದ್ದು ಸಾಮಾನ್ಯವಾಗಿ ಹೆಸರು ವಿಳಾಸ ಸಮೇತ ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಬರುತ್ತೆ. ಪಕ್ಕದವರೂ ಓದುತ್ತಾರೆ.

ರೆಡಿಂಗ್‌ನವರು: ಅಯ್ಯೋ, ಅವರು ನಮ್ಮ ಪಾರ್ಸೆಲ್ ಎಲ್ಲಾ ಇಸ್ಕೊಂಡು ಇಡೋರು! ಮೊದಲು ಇವತ್ತು ಸಂಜೆ ಹೋಗಿ ಅಳತೆ ತೋರಿಸಿ ಬರ್ತೀನಿ, ಆಮೇಲೆ ಬರೆಯೋದು.