ಶಿಕ್ಷಣ ಸಾಲಕ್ಕೆ ಬಡ್ಡಿ ಇದೆ, ದೀನ್ (ಧರ್ಮ) ಒಪ್ಪುವ ಹಾಗೆ ತೀರಿಸುವುದು ಹೇಗೆ?

ಕಡಲಹಕ್ಕಿ (ಪ್ರಶ್ನೆ)

ಅಸ್ಸಲಾಮು ಅಲೈಕುಂ ಎಲ್ಲರಿಗೂ. ಓದು ಮುಗಿದು ಕೆಲಸ ಸಿಕ್ಕಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಓದಿಗೆ ತೆಗೆದ ಬ್ಯಾಂಕ್ ಸಾಲ ಹಾಗೇ ಕೂತಿದೆ, ಬಡ್ಡಿ ಸಮೇತ. ಆಗ ಬೇರೆ ದಾರಿ ಇತ್ತಾ ಇರಲಿಲ್ವಾ ಅನ್ನುವ ಚರ್ಚೆ ದಯವಿಟ್ಟು ಬೇಡ. ಇಲ್ಲಿಂದ ಮುಂದೆ ಏನು ಅಂತ ಹೇಳಿ ಸಾಕು.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ಅಣ್ಣ, "ಅಸಲು ಮಾತ್ರ ಕಟ್ಟು, ಬಡ್ಡಿ ಕೊಡುವುದೂ ಹರಾಮ್ ಅಲ್ವಾ" ಅನ್ನುತ್ತಾನೆ. ಚಿಕ್ಕಪ್ಪ, "ಏನವಸರ, ಹತ್ತು ವರ್ಷದ ಕಂತಿದೆ, ನಿಧಾನಕ್ಕೆ ಕಟ್ಟು, ಮೊದಲು ಅಪ್ಪ ಅಮ್ಮನನ್ನು ಉಮ್ರಾಗೆ (ಮಕ್ಕಾ ಯಾತ್ರೆಗೆ) ಕಳಿಸು" ಅನ್ನುತ್ತಾರೆ. ಗೆಳತಿಯೊಬ್ಬಳು ಇನ್ನೂ ಮುಂದೆ ಹೋಗಿ, ಬಡ್ಡಿ ಸಾಲದಲ್ಲಿ ಓದಿದ ಡಿಗ್ರಿಯಿಂದ ಬರುವ ಸಂಬಳವೇ ಹಲಾಲ್ ಅಲ್ಲ ಅಂದುಬಿಟ್ಟಳು. ಅದು ತಲೆಯಿಂದ ಹೋಗುತ್ತಲೇ ಇಲ್ಲ.

ಬಡ್ಡಿ ಭಾಗ ಕಟ್ಟದೆ ಬಿಡಬಹುದಾ? ಸಾಲ ಇರುವಾಗ ಝಕಾತ್ (ವರ್ಷಕ್ಕೊಮ್ಮೆ ಕೊಡಬೇಕಾದ ಕಡ್ಡಾಯ ದಾನ) ಲೆಕ್ಕ ಹೇಗೆ? ಸಾಲ ತೀರಿಸಿ ಮುಗಿಸಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಅಂತ ಬಿಡಿಸಿ ಹೇಳಿ.

ಹಳೇಕನ್ನಡಕ

ವ ಅಲೈಕುಮುಸ್ಸಲಾಂ ತಂಗಿ. ಸಂಬಳದ ಭಯ ಮೊದಲು ಬಿಡು. ಮಾಡುವ ಕೆಲಸ ಹಲಾಲ್ ಆಗಿದ್ದರೆ ಸಂಬಳವೂ ಹಲಾಲ್. ತೊಂದರೆ ಇರುವುದು ಸಾಲದ ಒಪ್ಪಂದದಲ್ಲಿ, ನೀನು ಕಲಿತ ವಿದ್ಯೆಯಲ್ಲಿ ಅಲ್ಲ. ನಾನು ಕೇಳಿದ ಉಸ್ತಾದರೆಲ್ಲ ಹೇಳಿದ್ದು ಇದನ್ನೇ.

ನಿನ್ನ ಅಣ್ಣ ಹೇಳುವುದರಲ್ಲಿ ಅರ್ಧ ನಿಜ ಇದೆ. ಬಡ್ಡಿ ತಿನ್ನುವವನು, ಕೊಡುವವನು, ಅದನ್ನು ಬರೆಯುವವನು, ಸಾಕ್ಷಿ ನಿಲ್ಲುವ ಇಬ್ಬರು, ಇವರೆಲ್ಲರನ್ನೂ ಪ್ರವಾದಿಯವರು (ಸ) ಶಪಿಸಿದರು, ಎಲ್ಲರೂ ಸಮಾನರು ಅಂದರು ಅಂತ ಅವರ ಸಂಗಾತಿ ಜಾಬಿರ್ (ರ) ಹೇಳಿದ ಹದೀಸ್ (ಪ್ರವಾದಿಯವರ ನುಡಿ ನಡೆಯ ವರದಿ) ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಗ್ರಂಥದಲ್ಲಿದೆ. ಕುರ್‌ಆನಿನ ಅಲ್‌ಬಕರಾ ಅಧ್ಯಾಯದ 278, 279ರಲ್ಲಿ ಉಳಿದ ಬಡ್ಡಿಯನ್ನು ಬಿಟ್ಟುಬಿಡಿ, ಅಸಲು ಮಾತ್ರ ನಿಮ್ಮದು ಅಂತಲೂ ಇದೆ. ಆದರೆ ಅದನ್ನು ಯಾರಿಗೆ ಹೇಳಿದ್ದು? ಸಾಲ ಕೊಟ್ಟವನಿಗೆ. ಅವನಾಗಿ ಬಿಟ್ಟರೆ ಒಳ್ಳೆಯದು, ಬ್ಯಾಂಕ್ ಎಲ್ಲಿ ಬಿಡುತ್ತದೆ! ನೀನು ಅಸಲು ಅಂತ ಕಟ್ಟಿದ ದುಡ್ಡನ್ನೂ ಅವರು ಸಾಮಾನ್ಯವಾಗಿ ಮೊದಲು ದಂಡಕ್ಕೆ, ಬಡ್ಡಿಗೆ ಹಿಡಿದುಕೊಂಡು ಮಿಕ್ಕಿದ್ದನ್ನು ಅಸಲಿಗೆ ಹಾಕುತ್ತಾರೆ. ಕಂತು ತಪ್ಪಿದರೆ ಬಾಕಿ ಬೆಳೆಯುತ್ತದೆ, ಜಾಮೀನು ಹಾಕಿದ ಅಪ್ಪನ ಹೆಸರಿಗೆ ನೋಟಿಸ್ ಹೋಗುತ್ತದೆ. ಬಡ್ಡಿ ತಪ್ಪಿಸಲು ಹೋಗಿ ಜಾಸ್ತಿ ಬಡ್ಡಿ ಕೊಟ್ಟ ಹಾಗಾಯಿತು ಅಷ್ಟೇ. ಕಂತು ತಪ್ಪಿಸಬೇಡ.

ಚಿಕ್ಕಪ್ಪನ ಮಾತಂತೂ ನನಗೆ ಒಪ್ಪಿಗೆ ಇಲ್ಲ. ತಂದೆ ತಾಯಿಯನ್ನು ಉಮ್ರಾಗೆ ಕಳಿಸುವುದು ದೊಡ್ಡ ಪುಣ್ಯ, ಆದರೆ ಅದು ನಿನ್ನ ಮೇಲೆ ಕಡ್ಡಾಯ ಅಲ್ಲ. ಸಾಲ ಕಡ್ಡಾಯ. ಹುತಾತ್ಮನಿಗೆ ಸಾಲ ಒಂದನ್ನು ಬಿಟ್ಟು ಎಲ್ಲವೂ ಕ್ಷಮಿಸಲ್ಪಡುತ್ತದೆ ಅಂತ ಹದೀಸ್ ಇದೆ. ಸಾಲ ಉಳಿಸಿ ಸತ್ತವನ ಜನಾಝಾ ನಮಾಝಿಗೆ ಪ್ರವಾದಿಯವರು (ಸ) ತಾವು ನಿಲ್ಲದೆ, ಸಂಗಾತಿ ಅಬೂ ಕತಾದಾ (ರ) ಆ ಸಾಲ ನನ್ನ ಮೇಲಿರಲಿ ಅಂದ ಮೇಲೆಯೇ ನಿಂತದ್ದು ಬುಖಾರಿ ಹದೀಸ್ ಗ್ರಂಥದಲ್ಲಿದೆ. ಇಷ್ಟು ಕೇಳಿದ ಮೇಲೂ ಹತ್ತು ವರ್ಷ ಎಳೆಯಬೇಕು ಅನಿಸುತ್ತಾ?

ಲೆಕ್ಕದಪುಸ್ತಕ

ಮೇಲಿನವರು ಹೇಳಿದ್ದು ಸರಿ, ನಾನು ಬರೀ ಲೆಕ್ಕ ಹೇಳುತ್ತೇನೆ. 1 ಲಕ್ಷ ಅಸಲು, ವರ್ಷಕ್ಕೆ ಶೇ. 10 ಬಡ್ಡಿ, 10 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 1,321 ಬರುತ್ತದೆ. ಮೊದಲ ಕಂತಿನಲ್ಲಿ 833 ಬಡ್ಡಿಗೇ ಹೋಯಿತು, ಅಸಲಿಗೆ ಬಿದ್ದದ್ದು 488. ಹತ್ತು ವರ್ಷ ಪೂರ್ತಿ ಹೀಗೇ ಕಟ್ಟಿದರೆ ಬಡ್ಡಿಯೇ 58 ಸಾವಿರ ದಾಟುತ್ತದೆ. ಅದೇ ಸಾಲವನ್ನು 5 ವರ್ಷದಲ್ಲಿ ಮುಗಿಸಿದರೆ ಕಂತು 2,125ರ ಹತ್ತಿರ, ಒಟ್ಟು ಬಡ್ಡಿ 27 ಸಾವಿರ ಚಿಲ್ಲರೆ. ಅರ್ಧಕ್ಕಿಂತ ಕಮ್ಮಿ! ಬಡ್ಡಿ ಕೊಡುವುದು ಪಾಪ ಅಂತ ನಿಜವಾಗಿ ಸಂಕಟ ಪಡುವವರು ಮಾಡಬೇಕಾದ್ದು ಇದೇ, ಅವಧಿ ಕತ್ತರಿಸುವುದು.

ಮೊದಮೊದಲು ಕಟ್ಟಿದ ಹೆಚ್ಚುವರಿ ದುಡ್ಡಿಗೆ ಬಲ ಜಾಸ್ತಿ. ಬೋನಸ್ ಬಂತಾ, ಹಾಕಿ. ಆದರೆ ಸುಮ್ನೆ ಖಾತೆಗೆ ಹಾಕಿ ಬಿಡಬೇಡಿ. ಕೆಲವು ಕಡೆ ಅದನ್ನು ಮುಂದಿನ ಕಂತಿನ ಮುಂಗಡ ಅಂತ ಇಟ್ಟುಕೊಳ್ಳುತ್ತಾರೆ, ಅಸಲು ಒಂದು ಪೈಸೆ ಇಳಿಯುವುದಿಲ್ಲ. "ಈ ಮೊತ್ತ ಅಸಲಿಗೆ ಜಮಾ ಆಗಲಿ, ಕಂತು ಇಷ್ಟೇ ಇರಲಿ, ಅವಧಿ ಕಡಿಮೆಯಾಗಲಿ" ಅಂತ ಇಮೇಲಿನಲ್ಲೇ ಬರೆದು ಕಳಿಸಿ. ಕಂತು ಇಳಿಸಿ ಕೊಡುತ್ತೇವೆ ಅನ್ನುತ್ತಾರೆ, ಕೇಳುವುದಕ್ಕೆ ಹಿತ, ಬೇಡ ಅನ್ನಿ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಾಕಿ ಅಸಲಿನ ಸಾಲು ನೋಡಿ, ಇಳಿದಿಲ್ಲ ಅಂದರೆ ಅವತ್ತೇ ಜಗಳ ತೆಗೆಯಿರಿ. ಅವಧಿಗೆ ಮೊದಲು ಕಟ್ಟಿದರೆ ಶುಲ್ಕ ಇದೆಯಾ ಅಂತಲೂ ಒಪ್ಪಂದದಲ್ಲಿ ಓದಿಕೊಳ್ಳಿ. ಒಂದಕ್ಕಿಂತ ಹೆಚ್ಚು ಸಾಲ ಇದ್ದರೆ ಬಡ್ಡಿ ದರ ಜಾಸ್ತಿ ಇರುವುದು ಮೊದಲು.

ಇನ್ನೊಂದು. ಕೈಯಲ್ಲಿರುವುದನ್ನೆಲ್ಲ ಸುರಿಯಬೇಡಿ. ಮೂರ್ನಾಲ್ಕು ತಿಂಗಳ ಖರ್ಚು ಪಕ್ಕಕ್ಕಿರಲಿ, ಇಲ್ಲದಿದ್ದರೆ ಆಸ್ಪತ್ರೆ ಅಂತ ಬಂದ ದಿನ ಕ್ರೆಡಿಟ್ ಕಾರ್ಡ್ ಉಜ್ಜಬೇಕಾಗುತ್ತದೆ, ಅದರ ಬಡ್ಡಿ ಇದರಪ್ಪ. ಕಮ್ಮಿ ಬಡ್ಡಿಗೆ ಬೇರೆ ಬ್ಯಾಂಕ್ ಸಿಕ್ಕರೆ ಸಾಲ ಅಲ್ಲಿಗೆ ವರ್ಗಾಯಿಸುವುದನ್ನೂ ಯೋಚಿಸಿ.

ಮುಂಜಾವು

ಲೆಕ್ಕದಪುಸ್ತಕ ಭಾಯಿ, ಎಲ್ಲ ಚೆನ್ನಾಗಿ ಹೇಳಿ ಕೊನೆಯ ಸಾಲಲ್ಲಿ ಎಡವಿದಿರಿ. ವರ್ಗಾಯಿಸುವುದು ಅಂದರೆ ಹೊಸ ಬಡ್ಡಿ ಒಪ್ಪಂದಕ್ಕೆ ಹೊಸದಾಗಿ ಸಹಿ ಹಾಕುವುದು. ಹಳೆಯದರಿಂದ ತೌಬಾ (ಪಶ್ಚಾತ್ತಾಪ) ಮಾಡುತ್ತಾ ಹೊಸದಕ್ಕೆ ಪೆನ್ನು ಎತ್ತುವುದು ಎಂಥ ತೌಬಾ? ಬ್ಯಾಂಕ್ ಬಡ್ಡಿಯೂ ರಿಬಾ (ಧರ್ಮ ನಿಷೇಧಿಸಿದ ಬಡ್ಡಿ) ಅಂತ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1985ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಅದರ ಬದಲು ಇದನ್ನು ಮಾಡಿ. ಸ್ವಲ್ಪ ದುಡ್ಡು ಕೂಡಿದ ಮೇಲೆ ಬ್ಯಾಂಕಿಗೆ ಹೋಗಿ, ಪೂರ್ತಿ ಒಂದೇ ಸಲಕ್ಕೆ ಕಟ್ಟುತ್ತೇನೆ, ಎಷ್ಟು ಬಿಡುತ್ತೀರಿ ಅಂತ ಕೇಳಿ. ಬೇಗ ತೀರಿಸುವವನಿಗೆ ಸಾಲದಲ್ಲಿ ಒಂದಿಷ್ಟು ಬಿಟ್ಟುಕೊಡುವುದು, ಮೊದಲೇ ಷರತ್ತು ಮಾಡಿಕೊಂಡಿರದಿದ್ದರೆ, ಸರಿ ಅಂತ ಅದೇ ಅಕಾಡೆಮಿ 1992ರಲ್ಲಿ ತೀರ್ಮಾನಿಸಿದೆ. ಕೇಳುವುದಕ್ಕೆ ಏನು ಖರ್ಚು?

ಝಕಾತ್ ವಿಷಯ. ಇದರಲ್ಲಿ ಮದ್‌ಹಬ್ (ನೀವು ಪಾಲಿಸುವ ಧರ್ಮಶಾಸ್ತ್ರದ ಪಂಥ) ನೋಡಬೇಕು. ಹನಫಿಯಲ್ಲಿ ಸಾಲ ಕಳೆದು ಉಳಿದದ್ದು ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ಮುಟ್ಟಿದರೆ ಝಕಾತ್, ಶಾಫಿಈಯಲ್ಲಿ ಪ್ರಬಲ ಅಭಿಪ್ರಾಯದಂತೆ ಸಾಲ ಇದ್ದರೂ ಕೈಯಲ್ಲಿರುವುದಕ್ಕೆ ಶೇ. 2.5 ಕೊಡಲೇಬೇಕು. ಹನಫಿಗಳು ಕೂಡ ಹತ್ತು ವರ್ಷದ ಪೂರ್ತಿ ಸಾಲವನ್ನು ಒಂದೇ ವರ್ಷಕ್ಕೆ ಕಳೆದು ನನ್ನ ಹತ್ತಿರ ಏನೂ ಇಲ್ಲ ಅಂತ ಕೂರುವ ಹಾಗಿಲ್ಲ. ಈಗಿನ ಎಷ್ಟೋ ಉಲಮಾಗಳು ಸದ್ಯ ಕಟ್ಟಬೇಕಾದ ಕಂತುಗಳನ್ನು ಮಾತ್ರ ಕಳೆಯಿರಿ ಅನ್ನುತ್ತಾರೆ.

ಝಕಾತ್ ಪಡೆಯುವ ಎಂಟು ಬಗೆಯವರಲ್ಲಿ (ಕುರ್‌ಆನ್, ಅತ್ತೌಬಾ 60) ಸಾಲಗಾರರೂ ಇದ್ದಾರೆ. ಕೆಲಸವೇ ಸಿಗದೆ ಸಾಲದಲ್ಲಿ ಮುಳುಗಿದ ಹುಡುಗರು ಕೇಳಿ ಪಡೆಯಲು ನಾಚಬೇಕಾಗಿಲ್ಲ. ಒಳ್ಳೆ ಸಂಬಳ ಇರುವ ನಿಮಗೆ ಅದು ಬರುವುದಿಲ್ಲ ಅನಿಸುತ್ತದೆ.

ಲೆಕ್ಕದಪುಸ್ತಕ

ಮುಂಜಾವು, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಶೇ. 13 ಕಟ್ಟುತ್ತಿರುವವನು ಶೇ. 9ಕ್ಕೆ ಇಳಿದರೆ ಒಟ್ಟು ಕೊಡುವ ಬಡ್ಡಿ ಕಮ್ಮಿಯಾಯಿತಲ್ಲ, ಎರಡು ಕೆಡುಕಿನಲ್ಲಿ ಸಣ್ಣದು ಅಂತ ಒಪ್ಪುವ ಮುಫ್ತಿಗಳೂ ಇದ್ದಾರೆ. ಇರಲಿ, ಅವರು ತಮ್ಮ ಮುಫ್ತಿಯನ್ನು ಕೇಳಿ ತೀರ್ಮಾನ ಮಾಡಲಿ.

ಮುಂಜಾವು

ಕೇಳಲಿ. ಕಾಗದ ತೆಗೆದುಕೊಂಡು ಹೋಗಿ ಕೇಳಲಿ, ಫೋನಿನಲ್ಲಿ ಅರ್ಧಂಬರ್ಧ ಹೇಳಿ ಅಲ್ಲ. ಬೇರೆ ದಾರಿ ಕಮ್ಮಿ ಅನ್ನುವುದು ನನಗೂ ಗೊತ್ತು. ಬ್ರಿಟನ್ ಸರ್ಕಾರ 2014ರಲ್ಲೇ ಬಡ್ಡಿಯಿಲ್ಲದ ವಿದ್ಯಾರ್ಥಿ ನಿಧಿಯ ಬಗ್ಗೆ ಜನರ ಅಭಿಪ್ರಾಯ ಕೇಳಿತು, 2017ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವನ್ನೂ ಇಟ್ಟಿತು, ಆಮೇಲೆ ವರ್ಷಗಟ್ಟಲೆ ಮಕ್ಕಳು ಕಾಯುತ್ತಲೇ ಉಳಿದರು.

ತೆಂಗಿನಗರಿ

ನಾನು ತೀರಿಸಿ ಮುಗಿಸಿದವನು, ಹೇಗೆ ಅಂತ ಹೇಳುತ್ತೇನೆ. ಕರ್ಜೆ ಹಸನಾ, ಅಂದರೆ ಬಡ್ಡಿಯಿಲ್ಲದ ಸಾಲ. ದೊಡ್ಡಪ್ಪ, ಭಾವ, ಇಬ್ಬರು ಸ್ನೇಹಿತರು ಸೇರಿ ಬ್ಯಾಂಕಿನ ಬಾಕಿ ಪೂರ್ತಿ ಕಟ್ಟಿದರು, ನಾನು ಬ್ಯಾಂಕಿಗೆ ಕಟ್ಟುತ್ತಿದ್ದ ಅದೇ ಕಂತನ್ನು ತಿಂಗಳ ಮೊದಲ ವಾರದಲ್ಲಿ ಅವರಿಗೆ ಕಟ್ಟಿದೆ. ಒಂದು ಪೈಸೆ ಹೆಚ್ಚಿಲ್ಲ. ಎಲ್ಲವೂ ಅಸಲಿಗೇ ಹೋಗುವುದರಿಂದ ಸಾಲ ಕರಗುವುದು ಕಣ್ಣಿಗೆ ಕಾಣುತ್ತದೆ.

ದೊಡ್ಡಪ್ಪ "ನಮ್ಮ ನಮ್ಮಲ್ಲಿ ಕಾಗದ ಯಾಕೋ" ಅಂದರು. ನಾನು ಬಿಡಲಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್, ಅಲ್‌ಬಕರಾದ 282, ಸಾಲವನ್ನು ಬರೆದಿಡಿ ಅಂತಲೇ ಹೇಳುವುದು. ಯಾರಿಂದ ಎಷ್ಟು, ಯಾವ ತಿಂಗಳಿಂದ ಎಷ್ಟೆಷ್ಟು, ನಾನು ತೀರಿಕೊಂಡರೆ ಯಾರು ಕೊಡಬೇಕು, ಕೆಳಗೆ ಇಬ್ಬರು ಸಾಕ್ಷಿ. ಒಂದೇ ಹಾಳೆ. ಕೊಟ್ಟಾಗಲೆಲ್ಲ ಹಿಂಬದಿಯಲ್ಲಿ ತಾರೀಕು ಹಾಕಿ ಸಹಿ ತೆಗೆದುಕೊಂಡೆ. ಹೆಚ್ಚಿಗೆ ಕೊಡುತ್ತೇನೆ ಅಂತ ಮೊದಲೇ ಮಾತು ಕೊಡಬೇಡಿ, ಅದು ಬಡ್ಡಿಯೇ ಆಗುತ್ತದೆ. ಎಲ್ಲ ತೀರಿದ ಮೇಲೆ ನಿಮ್ಮ ಖುಷಿಗೆ ಏನಾದರೂ ಕೊಟ್ಟರೆ ಪರವಾಗಿಲ್ಲ. ಪ್ರವಾದಿಯವರು (ಸ) ಎಳೆಯ ಒಂಟೆ ಸಾಲ ಪಡೆದು ಅದಕ್ಕಿಂತ ಒಳ್ಳೆಯದನ್ನು ಹಿಂತಿರುಗಿಸಿದ್ದಾರೆ.

ಬ್ಯಾಂಕ್ ಸಾಲ ಮುಚ್ಚಿದ ದಿನ ಬಾಕಿ ಇಲ್ಲ ಅನ್ನುವ ಪತ್ರ ಮತ್ತು ಅಡವಿಟ್ಟ ಮೂಲ ದಾಖಲೆಗಳನ್ನು ಕೈಗೆ ತೆಗೆದುಕೊಳ್ಳದೆ ಬರಬೇಡಿ.

ಕಡಲಹಕ್ಕಿ

ಎಲ್ಲರಿಗೂ ಜಝಾಕಲ್ಲಾಹು ಖೈರ್. ಸಂಬಳದ ವಿಷಯ ಓದಿ ಉಸಿರು ಬಂತು. ಭಾವನ ಹತ್ತಿರ ಕರ್ಜೆ ಹಸನಾ ಮಾತು ತೆಗೆಯುತ್ತೇನೆ. ಇನ್ನೊಂದೇ ಪ್ರಶ್ನೆ. ನನ್ನ ಉಳಿತಾಯ ಖಾತೆಗೂ ಬಡ್ಡಿ ಬಿದ್ದಿದೆ, ಮುಟ್ಟಿಲ್ಲ. ಅದನ್ನು ಈ ಸಾಲದ ಬಡ್ಡಿಗೆ ಹಾಕಬಹುದಾ? ಬಡ್ಡಿ ಬಡ್ಡಿಗೇ ಹೋಯಿತಲ್ಲ ಅಂತ.

ಹಳೇಕನ್ನಡಕ

ಇದರಲ್ಲಿ ಎರಡು ಮಾತಿದೆ ತಂಗಿ. ಅದೇ ಬ್ಯಾಂಕಿನಿಂದ ಬಂದದ್ದು ಅದೇ ಬ್ಯಾಂಕಿಗೆ ಹೋದರೆ ಸರಿ ಅನ್ನುವವರಿದ್ದಾರೆ. ನಿನ್ನ ಜೇಬಿನಿಂದ ಹೋಗಬೇಕಾದದ್ದು ಉಳಿಯಿತಲ್ಲ, ಅಂದರೆ ಆ ಹರಾಮ್ ದುಡ್ಡಿನ ಲಾಭ ನೀನೇ ಪಡೆದಂತಾಯಿತು, ಆಗದು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಕಾಣುತ್ತದೆ. ಪುಣ್ಯದ ಆಸೆ ಇಟ್ಟುಕೊಳ್ಳದೆ ಯಾರಾದರೂ ಬಡವರಿಗೆ ಕೊಟ್ಟು ಕೈ ತೊಳೆದುಕೋ. ಖಾತೆಯನ್ನು ಬಡ್ಡಿ ಬರದ ಬಗೆಗೆ ಬದಲಾಯಿಸಿ ಕೊಡಿ ಅಂತ ಬ್ಯಾಂಕಿನಲ್ಲಿ ಕೇಳು, ಪ್ರತಿ ಸಲ ಈ ಲೆಕ್ಕ ಹಾಕುವ ತಲೆನೋವು ತಪ್ಪುತ್ತದೆ.