ಸ್ಕೋಕ್ಲೋಸ್ಟರ್ ಅರಮನೆಯನ್ನು ಹೇಗೆ ನೋಡಬೇಕು?

ಪ್ರಶ್ನೆ (ಸಾಗರದಿಂದ):
ಬರುವ ಜುಲೈ ತಿಂಗಳಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿರುವ ಮಗಳ ಮನೆಗೆ ಹೋಗುವವನಿದ್ದೇನೆ. ಅಲ್ಲಿಂದ ಸ್ಕೋಕ್ಲೋಸ್ಟರ್ ಎಂಬ ಬರೋಕ್ (ಹದಿನೇಳನೆಯ ಶತಮಾನದ ಯುರೋಪಿನ ಆಡಂಬರದ ಕಲಾಶೈಲಿ) ಕಾಲದ ಅರಮನೆಗೆ ಒಂದು ದಿನ ಮೀಸಲಿಟ್ಟಿದ್ದೇವೆ. ಕವಲೇದುರ್ಗದಲ್ಲಿ ಅರಮನೆಯ ಕಲ್ಲಿನ ಅಡಿಪಾಯವನ್ನಷ್ಟೇ ನೋಡಿ ಬಲ್ಲ ನನಗೆ, ಮಂಚ, ಕುರ್ಚಿ, ಚಿತ್ರಪಟಗಳೆಲ್ಲ ಉಳಿದುಕೊಂಡಿರುವ ಮನೆಯಲ್ಲಿ ಏನನ್ನು ಗಮನಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ತೀರ್ಥಹಳ್ಳಿಯಿಂದ):
ದಂಡನಾಯಕ ಕಾರ್ಲ್ ಗುಸ್ತಾಫ್ ವ್ರಾಂಗೆಲ್ 1654ರಲ್ಲಿ ಈ ಅರಮನೆಯನ್ನು ಕಟ್ಟಿಸತೊಡಗಿದಾಗ ನಮ್ಮ ಬಿದನೂರಿನಲ್ಲಿ ಶಿವಪ್ಪ ನಾಯಕನ ಆಳ್ವಿಕೆಯಿತ್ತು; ಕವಲೇದುರ್ಗ ಕಂಡಿರುವ ನಿಮಗೆ ಕಾಲದ ಅಳತೆ ಇದರಿಂದ ಸಿಕ್ಕೀತು. 1676ರಲ್ಲಿ ವ್ರಾಂಗೆಲ್ ತೀರಿಕೊಂಡಾಗ ಔತಣದ ದೊಡ್ಡ ಹಜಾರದ ಕೆಲಸ ಅರ್ಧಕ್ಕೇ ನಿಂತಿತು, ಮುಂದೆ ಯಾರೂ ಅದನ್ನು ಮುಗಿಸಲಿಲ್ಲ. ಅಂದಿನ ಕೆಲಸಗಾರರ ಉಪಕರಣಗಳು ಸಹ ಅರಮನೆಯಲ್ಲಿ ಉಳಿದಿವೆ. ನನ್ನ ಮಾತು ಕೇಳುವುದಾದರೆ ಅಲಂಕಾರದ ಕೋಣೆಗಳನ್ನು ಮೊದಲು ನೋಡಿ, ಈ ಹಜಾರವನ್ನು ಕೊನೆಗೆ ಇಟ್ಟುಕೊಳ್ಳಿ. ಬೇರೆಡೆ ಗಾರೆಯ ಚಿತ್ತಾರವೂ ಚಿನ್ನದ ಬಣ್ಣದ ಚರ್ಮದ ಹೊದಿಕೆಯೂ ಮುಚ್ಚಿರುವ ಗೋಡೆ ಒಳಗೆ ಹೇಗಿರುತ್ತದೆಂಬುದು ಅಲ್ಲಿ ಕಾಣುತ್ತದೆ.

ಉತ್ತರ (ಶಿವಮೊಗ್ಗದಿಂದ):
ಜುಲೈ ಆದರೂ ಸ್ವೆಟರ್ ಒಯ್ಯಿರಿ. ಕೋಣೆಗಳನ್ನು ಬೆಚ್ಚಗಿಡುವ ವ್ಯವಸ್ಥೆಯಾಗಲಿ ವಿದ್ಯುದ್ದೀಪಗಳಾಗಲಿ ಅಲ್ಲಿಲ್ಲ. ಆದ್ದರಿಂದ ಬಿಸಿಲು ಚೆನ್ನಾಗಿರುವ ದಿನವನ್ನೇ ಆರಿಸಿಕೊಳ್ಳಿ. ಇದನ್ನು ಕೊರತೆಯೆಂದು ಎಣಿಸಬೇಡಿ. ಆಷಾಢದಲ್ಲಿ ಉಬ್ಬಿ ಬಿಗಿಯುವ ನಮ್ಮ ಬಾಗಿಲುಗಳು ಬೇಸಿಗೆಯಲ್ಲಿ ಸಡಿಲಾಗುವುದನ್ನು ಕಂಡವರಿಗೆ, ಗಾಳಿಯ ತೇವ ಥಟ್ಟನೆ ಬದಲಾದರೆ ಮರ ಸೀಳುತ್ತದೆ, ಬಣ್ಣ ಚಕ್ಕೆಯೇಳುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಚಳಿಗಾಲದಲ್ಲಿ ಬಿಸಿಮಾಡಿದ ಕೋಣೆಯ ಗಾಳಿ ತೀರಾ ಒಣಗುತ್ತದೆ. ದಪ್ಪ ಗೋಡೆಯ ತಣ್ಣನೆಯ ಮನೆಯಲ್ಲಿ ಬದಲಾವಣೆ ನಿಧಾನ; ಸಾಮಾನುಗಳು ಉಳಿಯಲು ಅದೂ ನೆರವಾಗಿದೆ.

ಉತ್ತರ (ಹೊಸನಗರದಿಂದ):
ಸಾಮಾನುಗಳು ಉಳಿದದ್ದಕ್ಕೆ ಚಳಿಯೊಂದೇ ಕಾರಣವಲ್ಲ. ಅರಮನೆ ವ್ರಾಂಗೆಲ್‌ನ ಮಗಳ ಮೂಲಕ ಬ್ರಾಹೆ ಮನೆತನಕ್ಕೆ ಸೇರಿ, ಆಸ್ತಿಯನ್ನು ಪಾಲು ಮಾಡದೆ ಒಬ್ಬ ವಾರಸುದಾರನಿಂದ ಇನ್ನೊಬ್ಬನಿಗೆ ದಾಟಿಸುವ ಕಟ್ಟಳೆಯಲ್ಲಿ ಸಾಗಿಬಂತು. 1967ರಲ್ಲಿ ಸರ್ಕಾರ ಅದನ್ನು ಸಾಮಾನು ಸಮೇತ ಕೊಂಡಿತು. ನಮ್ಮ ಮನೆ ಹಿಸ್ಸೆಯಾದಾಗ ಬೀಟೆಯ ಪೆಟ್ಟಿಗೆ ಒಬ್ಬರಿಗೆ, ತೂಗುಮಂಚ ಇನ್ನೊಬ್ಬರಿಗೆ ಹೋಗಿ, ಯಾವುದು ಎಲ್ಲಿತ್ತೆಂದು ಹೇಳಬಲ್ಲವರೇ ಇಲ್ಲವಾದರು. ಇನ್ನೊಂದು ವಿಷಯ: ಚಕ್ರವರ್ತಿ ಎರಡನೆಯ ರುಡಾಲ್ಫನ ಮುಖವನ್ನು ಹಣ್ಣು ತರಕಾರಿಗಳಿಂದಲೇ ರೂಪಿಸಿದ, ಇಟಲಿಯ ಚಿತ್ರಕಾರ ಆರ್ಚಿಂಬೋಲ್ಡೊನ ಚಿತ್ರ ಅಲ್ಲಿದೆ. ಅದು 1648ರಲ್ಲಿ ಪ್ರಾಗ್ ನಗರದಿಂದ ಸ್ವೀಡನ್ನಿನ ಸೈನ್ಯ ಲೂಟಿ ಮಾಡಿ ತಂದದ್ದು. ಅದರ ಮುಂದೆ ನಿಂತಾಗ ಇದನ್ನೂ ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಹೊರಡುವ ಮುನ್ನ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮರದ ಕಂಬಗಳನ್ನು ಇನ್ನೊಮ್ಮೆ ನೋಡಿ ಬರುತ್ತೇನೆ.